ಕ್ಯಾಸೆಟ್ ಕಾಯ್ತದೆ, ಸ್ವರ ಗುರುತಿಸುವವರು ಕಾಯುವುದಿಲ್ಲ

ಪುತ್ತೂರಿನಿಂದ ಮಾತಾಡ್ತಾ ಇದ್ದೇನೆ. ಹೊರಗೆ ಜೋರು ಮಳೆ ಉಂಟು, ಹಿಂದಿನಿಂದ ಸ್ವಲ್ಪ ಸದ್ದು ಕೇಳಬಹುದು. ಸಾಮಾನ್ಯವಾಗಿ ನಾನು ಮಳೆ ಬಿಟ್ಟ ಮೇಲೆಯೇ ರೆಕಾರ್ಡಿಂಗಿಗೆ ಕೂರುವುದು. ಇವತ್ತು ಬೇಕಂತಲೇ ಕಾಯಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೇನೆ.

ಹಿಂದಿನ ಒಂದು ಕಂತಿನಲ್ಲಿ, ಮನೆಯಲ್ಲಿರುವ ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕ್ತಾ ಇದ್ದೇನೆ ಅಂತ ಮಾತಿನ ಮಧ್ಯೆ ಹೇಳಿದ್ದೆ. ಅದಕ್ಕೆ ಬಂದಷ್ಟು ಮೆಸೇಜ್ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಸುಳ್ಯದಿಂದ, ಕಡಬದಿಂದ, ಉಪ್ಪಿನಂಗಡಿಯಿಂದ. ಹೆಚ್ಚಿನವರದ್ದು ಒಂದೇ ಪ್ರಶ್ನೆ: "ನಮ್ಮಲ್ಲಿಯೂ ಒಂದು ಪೆಟ್ಟಿಗೆ ತುಂಬ ಉಂಟು, ಎಂತ ಮಾಡುವುದು?" ಹಾಗಾಗಿ ಇವತ್ತಿನ ಇಡೀ ಕಂತು ಅದರ ಬಗ್ಗೆಯೇ. ಯಾವ ವಯರ್ ಎಲ್ಲಿಗೆ ಸಿಕ್ಕಿಸುವುದು ಅನ್ನುವುದನ್ನೂ ಹೇಳ್ತೇನೆ. ಆದರೆ ಅದಕ್ಕಿಂತ ಮುಖ್ಯ, ಯಾವ ಕ್ಯಾಸೆಟನ್ನು ಮೊದಲು ಎತ್ತಿಕೊಳ್ಳಬೇಕು ಅನ್ನುವುದು. ಅದರಲ್ಲಿ ನಾನು ತಪ್ಪಿದೆ. ನೀವು ತಪ್ಪಬಾರದು ಅಂತ ಈ ಕಂತು.

ಅಟ್ಟದಲ್ಲಿ ಇದ್ದದ್ದು

ನಮ್ಮ ಹಳೆ ಮನೆಯ ಅಟ್ಟದಲ್ಲಿ ಎರಡು ಟ್ರಂಕು, ಒಂದು ರಟ್ಟಿನ ಪೆಟ್ಟಿಗೆ. ಒಟ್ಟು 112 ಕ್ಯಾಸೆಟ್. ಬಿಕಾಂ ಓದಿದವಳಲ್ವಾ, ಮೊದಲು ಮಾಡಿದ ಕೆಲಸ ಎಕ್ಸೆಲ್ ಶೀಟಿನಲ್ಲಿ ಸ್ಟಾಕ್ ಬರೆದದ್ದು. ಅಂಗಡಿಯಿಂದ ತಂದ ಕ್ಯಾಸೆಟ್ 61: ಸಿನಿಮಾ ಹಾಡು, ಭಕ್ತಿಗೀತೆ, ಕಾಳಿಂಗ ನಾವಡರ ಪದ್ಯಗಳು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಇರುವ ತಾಳಮದ್ದಳೆ. ಮನೆಯಲ್ಲೇ ರೆಕಾರ್ಡ್ ಮಾಡಿ ಮೇಲೆ ಹೆಸರು ಬರೆದದ್ದು 13. ಉಳಿದ 38ರ ಮೇಲೆ ಎಂತದೂ ಇಲ್ಲ. ಒಂದೆರಡರಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದದ್ದು ಅಳಿಸಿಹೋಗಿದೆ.

ಇದರಲ್ಲಿ 60 ನಿಮಿಷದ್ದು 70, 90 ನಿಮಿಷದ್ದು 42. ಕ್ಯಾಸೆಟಿನಲ್ಲಿ ಶಾರ್ಟ್‌ಕಟ್ ಇಲ್ಲ. ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದ ಹಾಗೆ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಅಂದ್ರೆ ನನ್ನ ಲೆಕ್ಕಕ್ಕೆ ಒಟ್ಟು 133 ಗಂಟೆ. ದಿನಕ್ಕೆ ಒಂದು ಗಂಟೆ ಕೂತರೂ ನಾಲ್ಕೂವರೆ ತಿಂಗಳು.

ಅಕೌಂಟ್ಸ್‌ನಲ್ಲಿ ಫಿಫೋ ಅಂತ ಒಂದು ಕ್ರಮ ಕಲಿಸ್ತಾರೆ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕು. ನಾನು ಮಾತ್ರ ಮೊದಲು ಕೈಗೆ ಸಿಕ್ಕಿದ್ದು ಮೊದಲು ಅಂತ, ಟ್ರಂಕಿನ ಮೇಲ್ಗಡೆ ಯಾವುದಿತ್ತೋ ಅದರಿಂದ ಶುರು ಮಾಡಿದೆ. ಮೇಲ್ಗಡೆ ಇದ್ದದ್ದು ಅಂಗಡಿ ಕ್ಯಾಸೆಟ್‌ಗಳು. ನೋಡಲಿಕ್ಕೆ ಚೆಂದ, ಡಬ್ಬಿ ಉಂಟು, ಹೆಸರುಂಟು, ಕೆಲಸ ಸಲೀಸು. ಜೂನ್, ಜುಲೈ, ಎರಡು ತಿಂಗಳು ಅದರಲ್ಲೇ ಹೋಯಿತು. ಅಂಥದ್ದೇ ಕ್ಯಾಸೆಟ್ ಈ ಊರಿನ ಎಷ್ಟೋ ಮನೆಗಳಲ್ಲಿ ಉಂಟು. ಬಹಳಷ್ಟು ಯೂಟ್ಯೂಬಿನಲ್ಲೂ ಸಿಗ್ತದೆ. ಬೇರೆಲ್ಲಿಯೂ ಸಿಗದ ಆ 38 ಟ್ರಂಕಿನ ಅಡಿಯಲ್ಲೇ ಇದ್ದವು.

ಯಂತ್ರದ ಕೆಲಸ ಕಷ್ಟದ್ದಲ್ಲ

ಮೊದಲು ಸಾಮಾನಿನ ವಿಷಯ ಮುಗಿಸುವ. ಬೇಕಾದ್ದು ನಾಲ್ಕೇ: ಸರಿಯಾಗಿ ಓಡುವ ಒಂದು ಟೇಪ್ ರೆಕಾರ್ಡರ್, ಒಂದು ಆಡಿಯೋ ವಯರ್, ಲೈನ್ ಇನ್ ಇರುವ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಆಡಾಸಿಟಿ ಸಾಕು. 2000ದಿಂದ ಉಂಟು, ಧರ್ಮಕ್ಕೆ ಸಿಗ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಒಂದೇ ತೂತು ಇರ್ತದೆ, ಅದು ಹೆಡ್‌ಫೋನಿಗೂ ಮೈಕಿಗೂ. ಟೇಪ್ ರೆಕಾರ್ಡರಿನ ವಯರನ್ನು ಸೀದಾ ಅದಕ್ಕೆ ಹಾಕಿದ್ರೆ ಸ್ವರ ಒಡೆದುಹೋಗ್ತದೆ, ಸ್ಟೀರಿಯೋ ಕೂಡ ಬರುವುದಿಲ್ಲ. ಅದಕ್ಕೇ ಸೌಂಡ್ ಕಾರ್ಡ್ ಬೇಕಾಗುವುದು. ಆನ್‌ಲೈನಿನಲ್ಲಿ ವಾಕ್‌ಮನ್ ಹಾಗೆ ಇರುವ, ಯುಎಸ್‌ಬಿ ವಯರಿನದ್ದೇ ಪುಟ್ಟ ಪ್ಲೇಯರ್‌ಗಳು ಸಿಗ್ತವೆ. ನಾನು ಒಂದು ತರಿಸಿ ನೋಡಿದೆ. ಟೇಪು ಒಂದೇ ವೇಗದಲ್ಲಿ ಓಡಲಿಲ್ಲ, ಭಾಗವತರು ಆಲಾಪನೆ ತೆಗೆದ್ರೆ ಉಯ್ಯಾಲೆಯಲ್ಲಿ ಕೂತು ಹಾಡಿದ ಹಾಗೆ ಕೇಳ್ತಿತ್ತು. ಅದರ ಬದಲು ಹಳೆ ಡೆಕ್ಕೋ ಟು-ಇನ್-ವನ್ನೋ ಹುಡುಕಿ ರಿಪೇರಿ ಮಾಡಿಸುವುದು ಒಳ್ಳೆಯದು.

ರಿಪೇರಿ ಅಂದ್ರೆ ಹೆಚ್ಚಾಗಿ ಬೆಲ್ಟು. ಒಳಗಿನ ರಬ್ಬರ್ ಬೆಲ್ಟ್ ಇಷ್ಟು ವರ್ಷಕ್ಕೆ ಸಡಿಲ ಆಗಿರ್ತದೆ, ಕೆಲವು ಸಲ ಡಾಂಬರಿನ ಹಾಗೆ ಕರಗಿ ಅಂಟಿಕೊಂಡಿರ್ತದೆ. ಟಿವಿ ರಿಪೇರಿ ಮಾಡುವ ಹಳಬರ ಹತ್ತಿರ ಕೇಳಿ. ನನ್ನ ಡೆಕ್ಕಿಗೆ ಬೆಲ್ಟ್ ಹಾಕಿಕೊಟ್ಟವರು ಅಂಗಡಿ ಮುಚ್ಚಿ ಈಗ ತೋಟ ನೋಡಿಕೊಂಡಿದ್ದಾರೆ. ಡೆಕ್ ನೋಡಿ ಅವರಿಗೆ ನನಗಿಂತ ಜಾಸ್ತಿ ಖುಷಿ ಆಯ್ತು.

ಮತ್ತೆ ಹೆಡ್ ಕ್ಲೀನ್ ಮಾಡಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಉಂಟು. ಟೇಪಿಗೆ ಹೆಡ್ ನೇರ ಕೂರುವ ಹಾಗೆ ಮಾಡುವುದು ಅದು. ಸ್ವರ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳಿದ್ರೆ ಅದನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಜಾಗಟೆ, ಚಕ್ರತಾಳದ ಸದ್ದು ಎಲ್ಲಿ ಅತಿ ಸ್ಪಷ್ಟ ಆಗ್ತದೋ ಅಲ್ಲಿ ಬಿಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಟೇಪಿಗೆ ಇದು ಒಂದೊಂದಕ್ಕೂ ಬೇರೆ ಬೇರೆ ಇರ್ತದೆ.

ನಮ್ಮ ಊರಿನ ದೊಡ್ಡ ಶತ್ರು ಬೂಸ್ಟು. ನಾಲ್ಕು ತಿಂಗಳ ಮಳೆ, ಗೋಡೆಯೇ ಬೆವರುವ ಊರು ನಮ್ಮದು. ಕ್ಯಾಸೆಟಿನ ಕಿಟಕಿಯಲ್ಲಿ ನೋಡಿ. ಸುರುಳಿಯ ಮೇಲೆ ಬಿಳಿ ಬಿಳಿ ಕಂಡ್ರೆ ಅದನ್ನು ಒಳ್ಳೆ ಡೆಕ್ಕಿಗೆ ಹಾಕಬೇಡಿ. ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟಿಗೂ ಹೋಗ್ತದೆ. ಅಂಥದ್ದನ್ನು ಬೇರೆ ಇಡಿ, ಒಣ ಜಾಗದಲ್ಲಿ. ಬಿಸಿಲಿಗೆ ಹಾಕಬೇಡಿ, ಅದು ಅಡಿಕೆ ಅಲ್ಲ. ಉಳಿದವನ್ನು ಪ್ಲೇ ಮಾಡುವ ಮೊದಲು ಒಮ್ಮೆ ಪೂರ್ತಿ ಮುಂದೆ ಓಡಿಸಿ, ಪುನಃ ಹಿಂದೆ ಓಡಿಸಿ. ವರ್ಷಗಟ್ಟಲೆ ಬಿಗಿದು ಕೂತ ಸುರುಳಿ ಸಡಿಲ ಆಗ್ತದೆ.

ಅದಕ್ಕೂ ಮೊದಲು ಇನ್ನೊಂದು ಕೆಲಸ, ದಯವಿಟ್ಟು ಮರೆಯಬೇಡಿ. ಕ್ಯಾಸೆಟಿನ ಮೇಲ್ಬದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಇರ್ತದೆ. ಅದನ್ನು ಮುರಿಯಿರಿ. ಮುರಿದ್ರೆ ರೆಕಾರ್ಡ್ ಬಟನ್ ಒತ್ತಲಿಕ್ಕೆ ಆಗುವುದಿಲ್ಲ, ಕೈತಪ್ಪಿ ಅಳಿಸಿಹೋಗುವ ಭಯ ಇಲ್ಲ.

ಆಡಾಸಿಟಿಯಲ್ಲಿ ಅತಿ ಜೋರಿನ ಸದ್ದು ಬಂದಾಗಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಡಿ. ಚೆಂಡೆ ಯಾವಾಗ ಬೀಳ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಮಾತಿಗೆ ಸರಿಯಾಗಿ ಇಟ್ಟ ಲೆವೆಲ್ ಚೆಂಡೆಗೆ ಒಡೆಯುತ್ತದೆ, ಹಾಗೆ ಒಡೆದದ್ದನ್ನು ಆಮೇಲೆ ಸರಿ ಮಾಡಲಿಕ್ಕೆ ಬರುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಗಂಟೆಗೆ ಸುಮಾರು 1 ಜಿಬಿ ಆಗ್ತದೆ. ನನ್ನ 133 ಗಂಟೆಗೆ ಹತ್ತಿರ ಹತ್ತಿರ 140 ಜಿಬಿ. ಈಗಿನ ಕಾಲಕ್ಕೆ ಅದು ದೊಡ್ಡದೇನಲ್ಲ. ವಾಟ್ಸಾಪಿಗೆ ಎಂಪಿ-3 ಬೇರೆ ಮಾಡಿಕೊಳ್ಳಿ. ಮೂಲ ವೇವ್ ಫೈಲನ್ನು ಮುಟ್ಟಬೇಡಿ. ಯಾಕೆ ಮುಟ್ಟಬಾರದು ಅಂತ ನನಗೆ ಕಲಿಸಿದ್ದು ನಮ್ಮ ಸಣ್ಣಜ್ಜ.

ಹಂಚಿನ ಮಳೆ, ಶೀಟಿನ ಮಳೆ

ಸಣ್ಣಜ್ಜ ಅಂದ್ರೆ ನನ್ನ ಅಜ್ಜನ ತಮ್ಮ. 84 ವರ್ಷ. ಅಜ್ಜ ಅರ್ಥ ಹೇಳುತ್ತಿದ್ದರು, ಹೆಸರಾಂತ ಅರ್ಥಧಾರಿ ಏನಲ್ಲ, ಊರಿನ ಕೂಟಗಳಲ್ಲಿ ಒಂದು ಪಾತ್ರ ಕೊಟ್ರೆ ನಿಭಾಯಿಸುವವರು. ಸಣ್ಣಜ್ಜ ಅರ್ಥ ಹೇಳಿದವರಲ್ಲ, ಅವರ ಕೆಲಸ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುವುದು. ಮನೆಯ ಆ ಅಷ್ಟೂ ಕ್ಯಾಸೆಟ್ ಅವರ ರೆಕಾರ್ಡಿಂಗ್.

ಪತ್ತನಾಜೆಯ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ದೂರದಲ್ಲಿ ಕೇಳುವವರಿಗೆ ಹೇಳ್ತೇನೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಹೆಚ್ಚುಕಡಿಮೆ ಮೇ 24ರ ಹೊತ್ತು. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಮಳೆಗಾಲ ಕಳೆಯುವವರೆಗೆ ಬಯಲಾಟ ಇಲ್ಲ. ಆ ತಿಂಗಳುಗಳಲ್ಲಿ ಮನೆ ಜಗಲಿಯಲ್ಲಿ, ದೇವಸ್ಥಾನದಲ್ಲಿ, ಶಾಲೆಯಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಪದ್ಯ ಮತ್ತು ಮಾತು ಮಾತ್ರ. ಹಾಗಾಗಿ ನಮ್ಮ ಮನೆಯ ಹೆಸರಿಲ್ಲದ ಟೇಪುಗಳಲ್ಲಿ ಹೆಚ್ಚಿನದ್ದರಲ್ಲಿ ಭಾಗವತರಿಗಿಂತ ಮೊದಲು ಕೇಳುವುದು ಮಳೆ.

ಆಗಸ್ಟಿನಲ್ಲಿ ಅಂಥ ಮೊದಲನೆಯ ಟೇಪ್ ಮಾಡಿದೆ. ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಅಂತ ಉಂಟಲ್ವಾ, ಒಂದು ಗಂಟೆ ಕೂತು ಮಳೆಯನ್ನೆಲ್ಲ ತೆಗೆದೆ. ಪಾಡ್‌ಕಾಸ್ಟ್ ಮಾಡುವವರಿಗೆ ಇದು ಚಟ. ಮಾತು ಎಷ್ಟು ಕ್ಲೀನ್ ಆಯ್ತು ಅಂತ ನನಗೇ ಹೆಮ್ಮೆ. ಸಣ್ಣಜ್ಜನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿದರು.

"ಇದು ಎಲ್ಲಿಯದ್ದು ಅಂತ ಗೊತ್ತಾಗುದಿಲ್ಲ ಮಗಾ. ಬಾವಿಯೊಳಗೆ ಕೂತು ಹೇಳಿದ ಹಾಗೆ ಉಂಟು."

ಮೂಲ ಫೈಲ್ ಹಾಕಿದೆ. ಮಳೆ ಜೋರಾಗಿ ಬಂತು. ಅರ್ಧ ನಿಮಿಷ ಆಗಿಲ್ಲ, ಕೈ ಎತ್ತಿದರು.

"ಇದು ನಮ್ಮ ಮನೆ ಅಲ್ಲ. ನಮ್ಮದು ಹಂಚು. ಇದು ಶೀಟಿನ ಮೇಲೆ ಬೀಳುವ ಮಳೆ. ಆಗ ಶೀಟು ಇದ್ದದ್ದು ಶಾಲೆಯ ಹೊಸ ಕಟ್ಟೋಣಕ್ಕೆ ಮಾತ್ರ. ಅಲ್ಲಿ ನಾವು ಕೂಟ ಮಾಡಿದ್ದು ಎರಡೇ ಸಲ. ಒಂದರಲ್ಲಿ ನಿನ್ನ ಅಜ್ಜ ವಾಲಿ, ಇನ್ನೊಂದರಲ್ಲಿ ಅವರಿಗೆ ಜ್ವರ, ಹೋಗಲಿಲ್ಲ."

ಟೇಪಿನಲ್ಲಿ ಇದ್ದದ್ದು ವಾಲಿಮೋಕ್ಷ. ಊರು, ಪ್ರಸಂಗ, ಪಾತ್ರ ಎಲ್ಲ ಸಿಕ್ಕಿದ್ದು ನಾನು ಕಸ ಅಂತ ತೆಗೆದ ಮಳೆಯಿಂದ. ನಾಯ್ಸ್ ರಿಡಕ್ಷನ್ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಮಾಡಿದ್ದನ್ನು ಬೇರೆ ಫೈಲ್ ಮಾಡಿ ಇಡಿ. ಮೂಲದಲ್ಲಿ ಮಳೆ ಇರಲಿ, ಮಗು ಅಳಲಿ, ಯಾರೋ ಎಲೆ ಅಡಿಕೆ ತಟ್ಟೆ ಕೇಳಲಿ. ಮುಂದೆ ಯಾರಿಗೆ ಯಾವುದು ಸಾಕ್ಷಿ ಆಗ್ತದೆ ಅಂತ ನಮಗೆ ಗೊತ್ತಿರುವುದಿಲ್ಲ.

ಇನ್ನೊಂದು ಟೇಪಿನಲ್ಲಿ ವಿಚಿತ್ರ ನೋಡಿದೆ. ಶುರುವಿಗೆ ಭಾಗವತರ ಸ್ವರ ಸರಿ ಇತ್ತು. ಹೋಗ್ತಾ ಹೋಗ್ತಾ ಶ್ರುತಿ ಏರಿ ಏರಿ, ಕೊನೆಗೆ ಅರ್ಥಧಾರಿಗಳೆಲ್ಲ ಹುಡುಗರ ಹಾಗೆ ಗಡಿಬಿಡಿಯಲ್ಲಿ ಮಾತಾಡ್ತಾರೆ. ನನ್ನ ಡೆಕ್ ಹಾಳಾಯ್ತು ಅಂತ ಗ್ರಹಿಸಿದೆ. ಸಣ್ಣಜ್ಜ ನಕ್ಕರು. "ಕರೆಂಟ್ ಹೋಗಿತ್ತು. ಸೆಲ್ಲಿನಲ್ಲಿ ರೆಕಾರ್ಡ್ ಮಾಡಿದ್ದು."

ಕಾರಣ ಹೀಗೆ. ಕ್ಯಾಸೆಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಾಗಿನಿಂದ ಅದೇ ಲೆಕ್ಕ. ಸೆಲ್ ಇಳಿದ ಹಾಗೆ ಮೋಟಾರ್ ನಿಧಾನ ಆಗ್ತದೆ, ಒಂದು ಸೆಕೆಂಡಿನ ಮಾತು ಕಡಿಮೆ ಟೇಪಿನಲ್ಲಿ ಕೂತುಕೊಳ್ತದೆ. ಅದನ್ನು ನಾವು ಸರಿಯಾದ ವೇಗದಲ್ಲಿ ಓಡಿಸಿದಾಗ ಮಾತು ಬೇಗ ಬೇಗ ಬರ್ತದೆ, ಸ್ವರ ಏರ್ತದೆ. ವೇಗದಲ್ಲಿ ಸುಮಾರು ನೂರಕ್ಕೆ ಆರರಷ್ಟು ವ್ಯತ್ಯಾಸ ಆದ್ರೆ ಶ್ರುತಿ ಹಾರ್ಮೋನಿಯಂನಲ್ಲಿ ಒಂದು ಮನೆ ಆಚೆ ಹೋಗ್ತದೆ. ಸಿನಿಮಾ ಹಾಡಿಗೆ ಅದು ದೊಡ್ಡ ವಿಷಯ ಅಲ್ಲ. ತೆಂಕುತಿಟ್ಟಿನ ಪದ್ಯಕ್ಕೆ ಹಾಗೆ ಅಲ್ಲ. ಬಲಿಪ ನಾರಾಯಣ ಭಾಗವತರನ್ನು ಕೇಳಿದವರು ಅವರ ಏರುಶ್ರುತಿಯನ್ನೇ ನೆನಪಿಸುವುದು. ಅಂಥ ಕಡೆ ವೇಗ ತಪ್ಪಿದ್ರೆ ಇರುವ ಸ್ವರಕ್ಕೆ ಸುಳ್ಳು ಸೇರಿಸಿದ ಹಾಗೆ. ಆಡಾಸಿಟಿಯಲ್ಲಿ ವೇಗ ಬದಲಿಸುವ ಸೌಕರ್ಯ ಉಂಟು, ತುಂಡು ತುಂಡು ಮಾಡಿ ಸರಿ ಮಾಡಬಹುದು. ಆದರೆ ಸರಿಯಾದ ಶ್ರುತಿ ಯಾವುದು? ಕಂಪ್ಯೂಟರಿಗೆ ಗೊತ್ತಿಲ್ಲ. "ಆ ಭಾಗವತರು ಇಷ್ಟರಲ್ಲಿ ಹಾಡುವವರು" ಅಂತ ಹೇಳಲಿಕ್ಕೆ ಕೇಳಿದವರೇ ಬೇಕು.

ಆಗಸ್ಟ್ ಪೂರ್ತಿ ಸಾಯಂಕಾಲ ಕಾಫಿ ಆದ ಮೇಲೆ ನಾವಿಬ್ಬರು ಕೂತೆವು. ಸಣ್ಣಜ್ಜ ಹೇಳುವುದು, ನಾನು ಬರೆಯುವುದು. 11 ಟೇಪ್ ಆಯ್ತು. ಸೆಪ್ಟೆಂಬರ್ ಎರಡನೇ ವಾರ ಅವರು ತೀರಿಕೊಂಡರು. ಮಲಗಿದಲ್ಲೇ, ಕಷ್ಟ ಆಗಲಿಲ್ಲ.

27 ಉಳಿಯಿತು.

ಜೂನಿನಲ್ಲಿ ಶುರು ಮಾಡುವಾಗಲೇ ಅವರು ಮನೆಯಲ್ಲಿದ್ದರು, ಪಕ್ಕದ ಕೋಣೆಯಲ್ಲಿ. ನಾನು ಎರಡು ತಿಂಗಳು ಸಿನಿಮಾ ಹಾಡು ರೆಕಾರ್ಡ್ ಮಾಡುತ್ತಿದ್ದೆ. ಅವರೇ ಒಮ್ಮೆ ಬಂದು ಕೇಳಿದ್ದರು, "ನಮ್ಮದ್ದು ಯಾವಾಗ ಹಾಕ್ತಿ?" ಅಂತ. "ಲೈನಲ್ಲಿ ಬರ್ತದೆ ಸಣ್ಣಜ್ಜ" ಅಂದಿದ್ದೆ.

ಸುಳ್ಯದ ಟೇಪ್: ಮೇಲಿನ ಬರಹ ನಂಬಬೇಡಿ

ಅಮ್ಮನ ಕಡೆ ಸುಳ್ಯ. ಅಪ್ಪನ ಮನೆಯಲ್ಲಿ ತುಳು ಆದ್ರೆ ಅಲ್ಲಿ ಅರೆಭಾಷೆ. ಸಣ್ಣಜ್ಜನ ವಿಷಯ ಆದ ಮೇಲೆ ನಾನು ಪುತ್ತೂರಿನ ಪೆಟ್ಟಿಗೆ ಮುಚ್ಚಿ ಮೊದಲು ಹೋದದ್ದು ದೊಡ್ಡಮ್ಮನ ಮನೆಗೆ. ಅಲ್ಲಿ ಒಂದು ಕ್ಯಾಸೆಟ್ ಉಂಟು, ಮೇಲೆ "ಮದುವೆ 93" ಅಂತ ಬರೆದದ್ದು. ಒಳಗೆ ಹೆಂಗಸರು ಹೇಳಿದ ಸೋಬಾನೆ.

ಆ ಕ್ಯಾಸೆಟ್ ಓಡುತ್ತಿರಲಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಒಂದು ಪುಟ್ಟ ಬಟ್ಟೆಯ ತುಂಡು ಇರ್ತದೆ, ಅದು ಉದುರಿಹೋಗಿತ್ತು. ಸ್ಕ್ರೂ ಇರುವ ಇನ್ನೊಂದು ಖಾಲಿ ಕ್ಯಾಸೆಟ್ ಬಿಚ್ಚಿ, ಎರಡು ಚಕ್ರವನ್ನೂ ಸುರುಳಿ ಸಮೇತ ಅದಕ್ಕೆ ದಾಟಿಸಿದೆ. ಧೈರ್ಯ ಬೇಕು, ಆದರೆ ಹತ್ತು ನಿಮಿಷದ ಕೆಲಸ. ಫ್ಯಾನ್ ಮಾತ್ರ ಬಂದ್ ಮಾಡಿಕೊಳ್ಳಿ.

ಓಡಿಸಿದೆ. ದೊಡ್ಡಮ್ಮ ಎರಡನೇ ಹಾಡಿಗೆ ಹೇಳಿದರು, "ಇದು ಆ ಮದುವೆಯದ್ದಲ್ಲ". ಹೇಗೆ ಗೊತ್ತು? ಸೋಬಾನೆಯಲ್ಲಿ ಮದುಮಗಳ ಹೆಸರು ಸೇರಿಸಿ ಹೇಳಿದ್ದಾರೆ, ಆ ಹೆಸರು ಬೇರೆ. ಹಳೆ ಟೇಪಿನ ಮೇಲೆಯೇ ಪುನಃ ರೆಕಾರ್ಡ್ ಮಾಡಿದ್ದಾರೆ, ಮೇಲಿನ ಚೀಟಿ ಬದಲಿಸಲಿಲ್ಲ. ಆಗ ಖಾಲಿ ಕ್ಯಾಸೆಟಿಗೆ ದುಡ್ಡು ಕೊಡಬೇಕಲ್ವಾ, ಎಲ್ಲರೂ ಹಾಗೆ ಮಾಡಿದವರೇ. ಹಾಗಾಗಿ ಚೀಟಿ ಉಂಟು ಅಂತ ಸಮಾಧಾನ ಪಡಬೇಡಿ. ಎರಡೂ ಬದಿ ಪೂರ್ತಿ ಕೇಳಿ. ಕೊನೆಗೆ ಖಾಲಿ ಅನ್ನಿಸಿದ ಮೇಲೂ ಓಡಲಿಕ್ಕೆ ಬಿಡಿ. ಹೊಸ ರೆಕಾರ್ಡಿಂಗ್ ಮುಗಿದಲ್ಲಿ ಹಳೆಯದ್ದರ ಬಾಲ ಉಳಿದಿರ್ತದೆ. ಇದರಲ್ಲಿಯೂ ಕೊನೆಗೆ ನಾಲ್ಕು ನಿಮಿಷ, ನಿಜವಾದ 93ರ ಮದುವೆಯದ್ದು ಇತ್ತು.

ಅರೆಭಾಷೆಗೆ ಅಂತ ಸರಕಾರದ ಅಕಾಡೆಮಿ ಬಂದದ್ದು 2011ರಲ್ಲಿ, ಮಡಿಕೇರಿಯಲ್ಲಿ. ಅದಕ್ಕಿಂತ ಎಷ್ಟೋ ಮೊದಲು ಮನೆಯ ಹೆಂಗಸರು ಹೇಳಿದ ಹಾಡು ಹೀಗೆ ಯಾರ್ಯಾರದೋ ಮದುವೆ ಕ್ಯಾಸೆಟಿನಲ್ಲಿ ಕೂತಿದೆ. ದೊಡ್ಡಮ್ಮ ಈಗ ಅದನ್ನು ಫೋನಿನಲ್ಲಿ ಹಾಕಿಕೊಂಡು, ಒಂದೊಂದು ಸಾಲು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ಅರ್ಥ ಆಗದ ಶಬ್ದ ಬಂದ್ರೆ ಅರಂತೋಡಿನ ಅವರ ಅತ್ತಿಗೆಗೆ ಫೋನ್.

ಕಡಬದ ಟೇಪ್: ಕೇಳದೆ ಮಾಡಿದ್ದು

ಮೂರನೆಯದ್ದು ಕಡಬದ ಹತ್ತಿರ, ನನ್ನ ಕಾಲೇಜ್ ಗೆಳತಿಯ ಮನೆ. ಅವಳ ಅಪ್ಪ ತೊಂಬತ್ತರ ದಶಕದಲ್ಲಿ ಸೌದಿಯಲ್ಲಿದ್ದರು. ಆಗ ಎಸ್‌ಟಿಡಿ, ಐಎಸ್‌ಡಿ ದುಬಾರಿ. ಕ್ಯಾಸೆಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯವರು ಇನ್ನೊಂದು ಬದಿಯಲ್ಲಿ ಉತ್ತರ ರೆಕಾರ್ಡ್ ಮಾಡಿ, ಹೋಗುವವರ ಕೈಯಲ್ಲಿ ಕೊಡುವುದು. ಒಂದು ಕ್ಯಾಸೆಟ್ ಮಾತ್ರ ಇಲ್ಲೇ ಉಳಿದಿದೆ. ಅಪ್ಪ ಈಗ ಇಲ್ಲ.

ಡೆಕ್, ಲ್ಯಾಪ್‌ಟಾಪ್ ಎಲ್ಲ ಹೊತ್ತುಕೊಂಡು ಹೋದೆ. ಬ್ಯಾರಿ ಭಾಷೆ ನನಗೆ ಸುಮಾರಾಗಿ ಅರ್ಥ ಆಗ್ತದೆ. ಒಂದು ನಿಮಿಷ ಲೆವೆಲ್ ನೋಡುವಷ್ಟರಲ್ಲಿ ಅವಳ ಉಮ್ಮ ಏನೂ ಹೇಳದೆ ಎದ್ದು ಬಾಗಿಲ ಹತ್ತಿರ ನಿಂತರು. ಗಂಡ ಹೆಂಡತಿಗೆ ಹೇಳಿದ ಮಾತು, ಮೂರನೆಯವರು ಕೇಳುವುದು ಹೇಗೆ? ನಾನು ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ರೆಕಾರ್ಡ್ ಒತ್ತಿ ಹೊರಗೆ ಜಗಲಿಯಲ್ಲಿ ಕೂತೆ. ಅರ್ಧ ಗಂಟೆಗೆ ಒಳಗೆ ಹೋಗಿ ಬದಿ ತಿರುಗಿಸಿದೆ, ಪುನಃ ಜಗಲಿಗೆ. ಮೀಟರ್ ನೋಡಿದ್ರೆ ಸಾಕು, ಕಿವಿ ಬೇಕಾಗಿಲ್ಲ. ಫೈಲನ್ನು ಅವರ ಪೆನ್‌ಡ್ರೈವಿಗೆ, ಗೆಳತಿಯ ಫೋನಿಗೆ ಹಾಕಿ, ನನ್ನ ಲ್ಯಾಪ್‌ಟಾಪಿನಿಂದ ಅವರ ಎದುರೇ ಅಳಿಸಿದೆ. ಹೊರಡುವಾಗ ಉಮ್ಮ ಪತ್ತಿರಿ ಕಟ್ಟಿಕೊಟ್ಟರು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಡಿಜಿಟಲ್ ಮಾಡುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ. ಮನೆಯ ಟೇಪಿಗೆ ಮನೆಯವರ ಒಪ್ಪಿಗೆ ಬೇಕು. ಅಂಗಡಿ ಕ್ಯಾಸೆಟಿಗೆ ಕಾನೂನು ಉಂಟು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1985ರ ಕ್ಯಾಸೆಟ್ ಆದ್ರೆ 2045ರ ಕೊನೆಯವರೆಗೆ. ನಿಮ್ಮಷ್ಟಕ್ಕೆ ಮನೆಯಲ್ಲಿ ಕೇಳಿ, ಯೂಟ್ಯೂಬಿಗೆ ಹಾಕಬೇಡಿ. ಕೂಟದ ಟೇಪಿನಲ್ಲಿ ಕಲಾವಿದರ ಸ್ವರ ಇದ್ರೆ ಅವರನ್ನೋ, ಅವರ ಮನೆಯವರನ್ನೋ ಒಮ್ಮೆ ಕೇಳಿ.

ಈಗ ನಾನು ಮಾಡುವ ಕ್ರಮ

ಮೊದಲು, ಪೆಟ್ಟಿಗೆ ತೆಗೆದು ಮೂರು ರಾಶಿ ಮಾಡಿ. ಅಂಗಡಿಯದ್ದು, ಮನೆಯದ್ದು ಹೆಸರಿರುವುದು, ಮನೆಯದ್ದು ಹೆಸರಿಲ್ಲದ್ದು. ಕೊನೆಯ ರಾಶಿಯಿಂದ ಶುರು ಮಾಡಿ. ಅಂಗಡಿಯದ್ದು ಬೇಕಾದ್ರೆ ಮುಂದಿನ ವರ್ಷ ನೋಡುವ.

ಎರಡನೆಯದ್ದು, ಇಡೀ ಟೇಪ್ ಡಿಜಿಟಲ್ ಆಗುವವರೆಗೆ ಕಾಯಬೇಡಿ. ಪ್ರತಿ ಟೇಪಿನಿಂದ ಎರಡು ನಿಮಿಷ, ಸ್ವರ ಚೆನ್ನಾಗಿ ಕೇಳುವ ಕಡೆ, ಫೋನಿನಲ್ಲೇ ರೆಕಾರ್ಡ್ ಮಾಡಿ. ಕ್ವಾಲಿಟಿ ಬೇಡ. ಅದನ್ನು ಹಿರಿಯರಿಗೆ ಕೇಳಿಸಿ, ಇಲ್ಲವಾದ್ರೆ ಅವರ ಮಕ್ಕಳ ವಾಟ್ಸಾಪಿಗೆ ಕಳಿಸಿ. "ಇದು ಯಾರ ಸ್ವರ?" ಅಷ್ಟೇ ಕೇಳಿ. ನಾನು ಉಳಿದ 27 ಟೇಪಿಗೆ ಇದನ್ನೇ ಮಾಡಿದೆ. ಸಣ್ಣಜ್ಜನ ಜೊತೆ ಕೂಟಕ್ಕೆ ಹೋಗುತ್ತಿದ್ದವರು ಇಬ್ಬರು ಇದ್ದಾರೆ, ಒಬ್ಬರು ಸವಣೂರಿನಲ್ಲಿ, ಒಬ್ಬರು ಬೆಳ್ಳಾರೆಯಲ್ಲಿ. ಹೀಗೆ 9 ಟೇಪ್ ಗೊತ್ತಾಯ್ತು. 18 ಇನ್ನೂ ಹಾಗೇ ಉಂಟು.

ಮೂರನೆಯದ್ದು, ಅವರು ಹೇಳಿದ್ದನ್ನು ಬರೆಯುವುದಲ್ಲದೆ ಅದನ್ನೂ ರೆಕಾರ್ಡ್ ಮಾಡಿ. ಸಣ್ಣಜ್ಜನ ಆ 11 ಸಂಜೆಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು ಮಾತ್ರ. ಪಾಡ್‌ಕಾಸ್ಟ್ ಮಾಡುವವಳು, ಮೈಕ್ ಪಕ್ಕದಲ್ಲೇ ಇತ್ತು, ಆನ್ ಮಾಡಬೇಕು ಅಂತ ಹೊಳೆಯಲೇ ಇಲ್ಲ.

ನಾಲ್ಕನೆಯದ್ದು, ಫೈಲಿನ ಹೆಸರಿನಲ್ಲಿಯೇ ವರ್ಷ, ಊರು, ಪ್ರಸಂಗ ಅಥವಾ ಸಂದರ್ಭ ಹಾಕಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ, "ಗೊತ್ತಿಲ್ಲ" ಅಂತಲೇ ಬರೆಯಿರಿ. ಯಾರು ಗುರುತಿಸಿದರು, ಯಾವ ದಿನ ಅಂತಲೂ ಬರೆಯಿರಿ. ಲೆಡ್ಜರಿನಲ್ಲಿ ಎಂಟ್ರಿ ಇದ್ರೆ ವೌಚರ್ ಬೇಕಲ್ವಾ, ಹಾಗೆ. ಮೂರು ಕಾಪಿ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ. ಮತ್ತೆ ಡಿಜಿಟಲ್ ಆಯ್ತು ಅಂತ ಕ್ಯಾಸೆಟ್ ಬಿಸಾಡಬೇಡಿ.

ಬರೆದಿಡುವುದರ ಬೆಲೆಗೆ ನಮ್ಮ ಪಕ್ಕದಲ್ಲೇ ದೊಡ್ಡ ಉದಾಹರಣೆ ಉಂಟು. ಬೆಳ್ತಂಗಡಿಯ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ಇಲ್ಲಿನ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ರೆಕಾರ್ಡ್ ಮಾಡಿದರು. 15,683 ಸಾಲು. 1998ರಲ್ಲಿ ಪುಸ್ತಕ ಆಯ್ತು. ಅದು ಇವತ್ತಿಗೂ ಓದಲಿಕ್ಕೆ ಸಿಗುವುದು ಟೇಪ್ ಇತ್ತು ಅಂತ ಮಾತ್ರ ಅಲ್ಲ. ಯಾರು, ಎಲ್ಲಿ, ಯಾವಾಗ, ಯಾಕೆ ಹೇಳಿದರು ಅಂತ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಂಡದ್ದರಿಂದ. ನಮ್ಮ ಮನೆಯ ಕೂಟ ಅಷ್ಟು ದೊಡ್ಡದಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ.

ದೊಡ್ಡ ಕಲಾವಿದರ ವಿಷಯ ನೋಡಿ. ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ಹೋದರು, ಕುಂಬ್ಳೆ ಸುಂದರ ರಾಯರು 2022ರಲ್ಲಿ, ಬಲಿಪ ಭಾಗವತರು 2023ರಲ್ಲಿ, ಲೀಲಾವತಿ ಬೈಪಾಡಿತ್ತಾಯರು 2024ರಲ್ಲಿ. ಅವರ ಸ್ವರ ಎಷ್ಟೋ ಜನರ ಹತ್ತಿರ ಉಂಟು, ಉಳಿಯುತ್ತದೆ. ಅವರ ಎದುರು ಕೂತು ಕೇಳಿದವರು, ಊರಿನ ಸಣ್ಣ ಕೂಟದಲ್ಲಿ ಅಂಗದನ ಅರ್ಥ ಹೇಳಿದವರು, ಟೇಪ್ ರೆಕಾರ್ಡರ್ ಹೊತ್ತವರು, ಅವರೆಲ್ಲ ಸದ್ದಿಲ್ಲದೆ ಹೋಗ್ತಾ ಇದ್ದಾರೆ. ಪೇಪರಿನಲ್ಲಿ ಬರುವುದಿಲ್ಲ.

ಒಳ್ಳೆ ಜಾಗದಲ್ಲಿಟ್ಟ ಕ್ಯಾಸೆಟ್ ಇನ್ನೂ ಕೆಲವು ವರ್ಷ ತಡೆಯಬಹುದು. ಬೆಲ್ಟ್ ಸಿಗ್ತದೆ, ವಯರ್ ಸಿಗ್ತದೆ. ಹಾಗಾಗಿ ನಾಳೆ ಡೆಕ್ ಹುಡುಕಲಿಕ್ಕೆ ಹೊರಡುವ ಮೊದಲು, ಇವತ್ತು ರಾತ್ರಿ ಊಟ ಆದ ಮೇಲೆ ಆ ಪೆಟ್ಟಿಗೆಯನ್ನು ಮನೆಯ ಹಿರಿಯರ ಎದುರು ತೆರೆಯಿರಿ. ಕೇಳಿಸುವ ಯಂತ್ರ ಇಲ್ಲದಿದ್ರೂ ಪರವಾಗಿಲ್ಲ. ಕ್ಯಾಸೆಟ್ ಕೈಯಲ್ಲಿ ಕೊಟ್ರೆ ಅವರಿಗೆ ಎಷ್ಟೋ ನೆನಪಾಗ್ತದೆ. ಫೋನ್ ರೆಕಾರ್ಡರ್ ಆನ್ ಇರಲಿ.

ಮುಂದಿನ ಕಂತಿನಲ್ಲಿ, ಆ 18 ಟೇಪಿನ ಪೈಕಿ ಒಂದರಿಂದ ಒಂದು ನಿಮಿಷ ಕೇಳಿಸ್ತೇನೆ. ಭಾಗವತರ ಪದ್ಯ ಇಲ್ಲ ಅದರಲ್ಲಿ, ಕೂಟ ಶುರು ಆಗುವ ಮೊದಲಿನ ಮಾತು. ಹಿಂದೆ ಮಳೆ ಉಂಟು, ಹಂಚಿನ ಮೇಲಿನದ್ದು. ಯಾರಾದರೂ ಗುರುತಿಸಿದ್ರೆ ತಿಳಿಸಿ. ಗುರುತು ಸಿಗದಿದ್ರೆ ಮನೆಯಲ್ಲಿರುವ ಅಜ್ಜನಿಗೋ ಅಜ್ಜಿಗೋ ಒಮ್ಮೆ ಕೇಳಿಸಿ ನೋಡಿ.

ಮಳೆಯನ್ನು ನಾನು ಎಡಿಟಿಂಗಿನಲ್ಲಿ ತೆಗೆಯುವುದಿಲ್ಲ, ಹಾಗೆಯೇ ಬಿಡ್ತೇನೆ. ಸಿಗುವ.